ಸಮುದ್ರ ನೋಡಲು ಹೋದವರು

ನಾಲ್ಕನೇ ಸೀರೆ ಉಡುವ ಹೊತ್ತಿಗೆ ಸೂಗಮ್ಮನಿಗೆ ಸಮುದ್ರದ ಮೇಲೇ ಸಿಟ್ಟು ಬಂದಿತ್ತು. ಪಣಂಬೂರು ಬೀಚಿನ ಬಾತ್‌ರೂಮಿನ ನೆಲವೆಲ್ಲ ಉಸುಕು, ನೀರು. ನೆರಿಗೆ ಹಿಡಿದರೆ ಅಂಚು ತೊಯ್ಯುತ್ತದೆ, ಅಂಚು ಎತ್ತಿದರೆ ನೆರಿಗೆ ಜಾರುತ್ತದೆ. ಮೈಮೇಲಿನ ಬೆವರಿಗಂತೂ ಕೊನೆಯೇ ಇಲ್ಲ. ತಮ್ಮ ಕಡೆಯ ಬಿಸಿಲು ಸುಡುತ್ತದೆ, ಹೌದು. ಇಲ್ಲಿಯದು ಮುಚ್ಚಿಟ್ಟು ಬೇಯಿಸುತ್ತದೆ. ಹೊರಗಿನಿಂದ ಗಂಡ ನಾಗಣ್ಣ ಹೊತ್ತು ಮುಳುಗುತ್ತಿದೆ, ಲಗೂನೆ ಬಾ ಎಂದು ಕೂಗುತ್ತಲೇ ಇದ್ದ.

ಸುರಪುರದ ರಂಗಂಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಈ ಗಂಡಹೆಂಡಿರು ಮಂಗಳೂರಿಗೆ ಸಮುದ್ರ ನೋಡಲು ಹೋಗಿದ್ದಾರೆ ಎಂದು ಊರಿಗೆಲ್ಲ ಗೊತ್ತು. ಇವರೇ ಡಂಗುರ ಸಾರಿ ಬಂದಿದ್ದರಲ್ಲ! ನಿಜ ಸಂಗತಿ ಇದ್ದದ್ದು ಸೂಗಮ್ಮನ ಎದೆಯ ಗಂಟಿನಲ್ಲಿ. ಅದನ್ನು ತೆಗೆಯಲು ಮರುದಿನ ಬೆಳಿಗ್ಗೆ ಆಪರೇಷನ್. ಕಲಬುರ್ಗಿ ಹತ್ತಿರವಿತ್ತು, ಸೋಲಾಪುರವೂ ಅಷ್ಟು ದೂರವಲ್ಲ. ಆದರೆ ಅಲ್ಲಿಯ ಯಾವ ಆಸ್ಪತ್ರೆಯಲ್ಲಿ ಕುಂತರೂ ಸುರಪುರದವರೋ ಶಹಾಪುರದವರೋ ಒಬ್ಬರು ಬಂದು ಪಕ್ಕದಲ್ಲಿ ಕುಂತು, ಏನಾಗ್ಯಾದ್ರಿ ಎಂದು ಕೇಳದೆ ಬಿಡುವುದಿಲ್ಲ. ಬರುವ ತಿಂಗಳು ಮಗಳು ಶಾಂಭವಿಯ ನಿಶ್ಚಯ, ಯಾದಗಿರಿಯ ಒಳ್ಳೆಯ ಮನೆತನ. ತಾಯಿಗೆ ಬಂದದ್ದು ಮಗಳಿಗೂ ಬರುತ್ತದೆ ಎಂಬ ಒಂದೇ ಮಾತಿಗೆ ಇವರ ಓಣಿಯಲ್ಲೇ ಒಂದು ಸಂಬಂಧ ಮುರಿದುಬಿದ್ದಿತ್ತು. ಆ ಹುಡುಗಿ ಇನ್ನೂ ತವರಿನಲ್ಲೇ ಇದ್ದಾಳೆ. ಅವಳು ಎದುರಾದರೆ ಸೂಗಮ್ಮ ದಾರಿ ಬದಲಿಸುತ್ತಾಳೆ.

ಫೋಟೊದ ಉಪಾಯ ನಾಗಣ್ಣನದು. ಊರವರು ಎಲ್ಲಿಗೆ ಹೋದರೂ ದಿನಕ್ಕೊಂದು ಫೋಟೊ ಸ್ಟೇಟಸ್ಸಿಗೆ ಹಾಕಲೇಬೇಕು. ಹಾಕದಿದ್ದರೆ ಆರಾಮಿಲ್ಲೇನು ಎಂದು ಫೋನು ಬರುತ್ತದೆ. ಆಪರೇಷನ್ ಆದಮೇಲೆ ಹಾಸಿಗೆಯಲ್ಲಿ ಮಲಗಿದವಳ ಫೋಟೊ ಎಲ್ಲಿಂದ ತರುವುದು? ಅದಕ್ಕೇ ದಿನಕ್ಕೊಂದು ಸೀರೆಯಂತೆ ಎಲ್ಲ ಫೋಟೊ ಇವತ್ತೇ ಆಗಬೇಕಿತ್ತು. ಲಾಡ್ಜಿನ ಮ್ಯಾನೇಜರನಿಗೆ ಇಲ್ಲಿ ನೋಡುವಂಥದ್ದು ಏನೇನಿದೆ ಎಂದು ಕೇಳಿದ್ದೇ ತಡ, ಆ ಮನುಷ್ಯ ಹುರುಪಿನಿಂದ ಗುಡಿ, ಕೋಟೆ, ಬೀಚು, ದೋಣಿ ಎಲ್ಲ ಹೇಳಿ, ಕೊನೆಗೆ ಮೀನೂಟದ ಖಾನಾವಳಿಯನ್ನೂ ಸೇರಿಸಿದ. ಕೊರಳಲ್ಲಿ ಲಿಂಗ ಕಟ್ಟಿದ ಸೂಗಮ್ಮ ಶಿವಶಿವಾ ಎಂದು ಮುಖ ತಿರುಗಿಸಿದಳು.

ಕದ್ರಿ ಗುಡಿಯ ಮುಂದೆ ಹಸಿರು ಸೀರೆ, ಕುದ್ರೋಳಿಯಲ್ಲಿ ಹಳದಿ, ಸುಲ್ತಾನ್ ಬತ್ತೇರಿಯಲ್ಲಿ ನೇರಳೆ. ಒಳಗೆ ಹೋಗಿ ಕಣ್ತುಂಬ ದರ್ಶನ ಮಾಡಲಿಕ್ಕೂ ಪುರಸೊತ್ತಿಲ್ಲ. ಫೋಟೊ ಹೊಡಿ, ಆಟೊ ಹತ್ತು, ಸೀರೆ ಬಿಚ್ಚು, ಸೀರೆ ಉಡು. ಮದುವೆಗೆಂದು ತೆಗೆದಿಟ್ಟ ಕೆಂಪು ಇಳಕಲ್ ಉಟ್ಟು ಈಗ ಅವಳು ದಂಡೆಗೆ ಬಂದು ನಿಂತಳು. ಕಾಲು ಸೇದುತ್ತಿದ್ದವು. ಹುಟ್ಟಿದಾಗಿನಿಂದ ನೋಡದ ಸಮುದ್ರಕ್ಕೆ ಬೆನ್ನು ಮಾಡಿ ನಿಂತಿದ್ದಳು, ಫೋಟೊಕ್ಕೆ ಹಾಗೇ ನಿಲ್ಲಬೇಕಲ್ಲ.

"ಸ್ವಲ್ಪ ನಗು," ಎಂದ ನಾಗಣ್ಣ.

"ಎದಕ್ಕ ನಗಲ್ರಿ?"

"ಶಾಂಭವಿ ಮದಿವಿ ಅಂತ ತಿಳ್ಕೊ."

ಸೂಗಮ್ಮ ನಕ್ಕಳು. ಆ ನಗು ಅದೆಷ್ಟು ಚೆಂದ ಬಂತೆಂದರೆ ನಾಗಣ್ಣನಿಗೆ ಅಳು ತಡೆಯಲಾಗಲಿಲ್ಲ. ಕಣ್ಣಿಗೆ ಉಸುಕು ಬಿತ್ತು ಎನ್ನುತ್ತ ಮೊಬೈಲು ಸರಿಯಾಗಿ ನೋಡದೆಯೇ ಒತ್ತಿದ.

ಆಪರೇಷನ್ ಆಯಿತು. ಅಂದು ನಾಗಣ್ಣ ಹಸಿರು ಸೀರೆಯ ಫೋಟೊ ಸ್ಟೇಟಸ್ಸಿಗೆ ಹಾಕಿದ, ಮರುದಿನ ಹಳದಿಯದು. ಊರಿನಿಂದ ಮೊಬೈಲಿಗೆ ಹೂವು, ಚಪ್ಪಾಳೆಯ ಚಿತ್ರಗಳು ಬಂದವು. ಸೂಗಮ್ಮನ ನಾದಿನಿಯಂತೂ ಈ ವಯಸ್ಸಿನಲ್ಲಿ ಏನು ತಿರುಗಾಟ ಎಂದು ಚಾಷ್ಟಿ ಮಾಡಿದಳು. ಪಕ್ಕೆಗೆ ನಳಿಗೆ ಚುಚ್ಚಿಸಿಕೊಂಡು ಮಲಗಿದ್ದ ಸೂಗಮ್ಮನಿಗೆ ಅದಕ್ಕೆ ಸಿಟ್ಟು ಮಾಡಿಕೊಳ್ಳುವಷ್ಟೂ ತ್ರಾಣವಿರಲಿಲ್ಲ.

ನೇರಳೆ ಸೀರೆಯ ಫೋಟೊ ಹಾಕಿದ ದಿನ ಫೋನು ಬಂತು. ಯಾದಗಿರಿಯ ಕಸ್ತೂರಮ್ಮ, ಬೀಗತಿ ಆಗಬೇಕಾದವಳು. ಎತ್ತಬ್ಯಾಡ ಎಂದು ನಾಗಣ್ಣ ಕೈಸನ್ನೆ ಮಾಡಿದ. ಎತ್ತದಿದ್ದರೆ ಸಂಶಯ ಬರುತ್ತದೆ ಎಂದು ಸೂಗಮ್ಮ ಗಂಟಲು ಸರಿ ಮಾಡಿಕೊಂಡು ಎತ್ತಿದಳು. ಫೋಟೊ ಚೆಂದ ಬಂದಾವ ಎಂದಳು ಕಸ್ತೂರಮ್ಮ. ಗಾಳಿ ಭಾಳ ಛಲೋ ಅದ, ಊಟವೂ ಒಗ್ಗ್ಯಾದ, ಇನ್ನೂ ಎರಡು ದಿನ ಇರಬೇಕಂತ ಮಾಡೀವಿ ಎಂದು ಸೂಗಮ್ಮ ಒಂದರ ಹಿಂದೊಂದು ಸುಳ್ಳು ಹೇಳಿದಳು. ಅಷ್ಟರಲ್ಲಿ ಗಾಲಿಯ ಟ್ರೇ ಗಡಗಡ ತಳ್ಳಿಕೊಂಡು ನರ್ಸ್ ಒಳಗೆ ಬಂದಳು.

"ಡ್ರೆಸ್ಸಿಂಗ್ ಉಂಟು ಅಮ್ಮಾ. ಸ್ವಲ್ಪ ಆ ಕಡೆ ತಿರುಗಿ ಮಲಗಿ."

ನಾಗಣ್ಣ ತಲೆಯ ಮೇಲೆ ಕೈ ಹೊತ್ತು ಕುಂತುಬಿಟ್ಟ. ಮುಗಿಯಿತು, ಮಗಳ ಬಾಳು ನನ್ನ ಕೈಯಾರೆ ಹಾಳಾಯಿತು ಎಂದುಕೊಂಡಳು ಸೂಗಮ್ಮ. ಹೊಸ ಸುಳ್ಳು ಹುಡುಕಿದಳು.

ಫೋನಿನ ಆ ಕಡೆ ಯಾವುದೋ ಬಾಗಿಲು ಹಾಕಿದ ಸಪ್ಪಳವಾಯಿತು. ಆಮೇಲೆ ಕಸ್ತೂರಮ್ಮನ ದನಿ ತೀರ ಸಣ್ಣಗೆ ಬಂತು.

"ಅಕ್ಕಾರ, ಹ್ವಾದ ವರ್ಷ ನಾನೂ ಸಮುದ್ರ ನೋಡಾಕ ಅಲ್ಲಿಗೇ ಬಂದಿದ್ದೆ. ಎಷ್ಟನೇ ಫ್ಲೋರಿನಾಗ ಇಟ್ಟಾರ್ರಿ ನಿಮಗ? ನನಗ ಮೂರನೇದ್ರಾಗ ಇಟ್ಟಿದ್ರು."