ಪಪ್ಪ ತಂದ ರೈಲು

ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ ಬಂದರೆ ಈಗಲೂ ವಾಮಂಜೂರಿನ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ದುಬೈಯಲ್ಲಿ ಕೆಲಸಕ್ಕಿದ್ದ ಪಪ್ಪ ಎರಡು ವರ್ಷಗಳ ನಂತರ ರಜೆಯಲ್ಲಿ ಬಂದಿದ್ದರು. ನನಗೆಂದು ಪುಟ್ಟ ರೈಲೊಂದನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ತಣ್ಣನೆಯ ಕೆಂಪು ನೆಲದ ಮೇಲೆ ಇಬ್ಬರೂ ಹಳಿ ಜೋಡಿಸಿದೆವು. ಎಂಜಿನ್ ಗುಂಯ್ ಎಂದಿತೇ ಹೊರತು ಕದಲಲಿಲ್ಲ. ಪಪ್ಪನ ಮುಖ ಬಾಡಿತು.

ಮಮ್ಮಿ ಬಂದು ಕುಳಿತರು. ಚಾಕುವಿನ ತುದಿಯಿಂದ ಸ್ಕ್ರೂ ಬಿಚ್ಚಿ, ಗಾಲಿಗೆ ಸುತ್ತಿಕೊಂಡಿದ್ದ ಟವೆಲ್ಲಿನ ನೂಲು ತೆಗೆದು, ಎರಡು ಹನಿ ಎಣ್ಣೆ ಬಿಟ್ಟರು. ರೈಲು ಓಡಿತು!

“ಇದೆಲ್ಲ ನೀನು ಯಾವಾಗ ಕಲಿತದ್ದು ಮಾರಾಯ್ತಿ?” ಎಂದರು ಪಪ್ಪ.

“ಮಿಕ್ಸಿ, ಪಂಪು ಹಾಳಾದ್ರೆ ಮತ್ತೆ ಯಾರು ಉಂಟು ಇಲ್ಲಿ?”

ಪಪ್ಪ ರೈಲಿನ ಸ್ವಿಚ್ಚನ್ನು ಮಮ್ಮಿಯ ಕೈಗೆ ಕೊಟ್ಟು, ನನ್ನ ಪಕ್ಕದಲ್ಲೇ ನೆಲದ ಮೇಲೆ ಬೋರಲು ಮಲಗಿದರು. ಸಂಜೆಯವರೆಗೂ ರೈಲು ಓಡಿಸಿದ್ದು ಮಮ್ಮಿ. ನಾವಿಬ್ಬರೂ ಗಲ್ಲಕ್ಕೆ ಕೈ ಕೊಟ್ಟು ನೋಡಿದೆವು.