ಆ ಕಡೆಯವರು

ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಟವೆಲ್ಲು ಏರಿಸಿ, ಮಾವ ಮುನಿಶಾಮಪ್ಪ ನಡುಮನೆಯಲ್ಲಿ ಹೊರಟು ನಿಂತಿದ್ದನ್ನು ನೋಡಿ ಸೌಜನ್ಯಳಿಗೆ ಗಾಬರಿಯಾಯಿತು.

"ಕೈವಾರ ಕ್ರಾಸಲ್ಲಿ ಇಳ್ಕೊಂಡ್ರೆ ಆ ಮನೆ ಯಾವ್ ಕಡೆಗೆ ಬರ್ತದಮ್ಮ?" ಎಂದು ಕೇಳಿದರು.

"ಯಾವ ಮನೆ ಮಾವ?"

"ಅದೇ ಕಣಮ್ಮ, ನಿಮ್ಮಮ್ಮನ ಊರ್ ಕಡೆ ದನದ ಗಲಾಟೆ ಮಾಡ್ಕೊಂಡವ್ರಲ್ಲ, ಅವ್ರದು. ಚಿಕ್ಕಬಳ್ಳಾಪುರಕ್ಕೆ ಹೋಗಿ ಚಿಂತಾಮಣಿ ಬಸ್ ಹಿಡಿದ್ರೆ ಮಧ್ಯಾಹ್ನದೊಳಗೆ ಅಲ್ಲಿರ್ತೀನಿ."

ಆ ಮನೆ ಕೈವಾರದಲ್ಲಿರಲಿಲ್ಲ. ತಮ್ಮೂರು ಮಂಚೇನಹಳ್ಳಿಯಿಂದ ಹೊರಡುವ ಯಾವ ಬಸ್ಸೂ ಅಲ್ಲಿಗೆ ಹೋಗುತ್ತಿರಲಿಲ್ಲ. ಅದಿದ್ದದ್ದು ಸೌಜನ್ಯಳ ಫೋನಿನೊಳಗೆ. ಅದೊಂದು ಆಟ. ಬೆಟ್ಟಗಳ ನಡುವೆ ಬದುಕುವ ಒಂದು ಕುಲಕ್ಕೆ ಆಡುವವರೇ ಯಜಮಾನರು. ಯಾರ ಜೊತೆ ನೆಂಟಸ್ತಿಕೆ, ಯಾರ ಜೊತೆ ಜಗಳ, ಯಾವ ದೇವರಿಗೆ ಏನು ಬಲಿ, ಎಲ್ಲವನ್ನೂ ತೀರ್ಮಾನಿಸಬೇಕು. ತೀರ್ಮಾನಕ್ಕೆ ತಕ್ಕಂತೆ ಕಥೆ ಮುಂದೆ ಸಾಗುತ್ತದೆ. ಪಕ್ಕದ ಕಣಿವೆಯ ಕುಲದವರು ಬಂದು ತನ್ನವರ ದನಗಳನ್ನು ಹೊಡೆದುಕೊಂಡು ಹೋದಾಗ ಅವಳಿಗೆ ದಿಕ್ಕೇ ತೋಚಲಿಲ್ಲ. ಆಟದೊಳಗಿನ ಹಿರಿಯರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ರಾಗ. ಸುತ್ತಮುತ್ತಲ ಹಳ್ಳಿಗಳ ಎಷ್ಟೋ ಜಗಳ ಬಗೆಹರಿಸಿದ್ದ ಮಾವ ಜಗಲಿಯಲ್ಲೇ ಕೂತಿದ್ದರು. ಆದರೆ ಫೋನಿನಾಟ ಎಂದರೆ ಉರಿದುಬೀಳುವ ಮನುಷ್ಯ. ಅದಕ್ಕೇ ಆಟದೊಳಗಿನ ರೆಕ್ಕೆಯ ಕುದುರೆ, ಮಾತಾಡುವ ಕರಡಿಗಳನ್ನೆಲ್ಲ ನುಂಗಿಕೊಂಡು, "ನಮ್ಮಮ್ಮನ ಊರು ಕೈವಾರದ ಕಡೆ ಒಂದು ಮನೆತನ ಇದೆ ಮಾವ" ಎಂದು ಶುರು ಮಾಡಿದ್ದಳು.

ಈಗೆಲ್ಲ ಜಗಳವಾದವರು ಸ್ಟೇಷನ್ನಿಗೋ ವಕೀಲರ ಹತ್ತಿರಕ್ಕೋ ನೆಟ್ಟಗೆ ಹೋಗಿಬಿಡುತ್ತಾರೆ. ತಮ್ಮನ್ನು ಕೇಳುವವರಿಲ್ಲದೆ ಮುನಿಶಾಮಪ್ಪ ಮಾತು ಕಮ್ಮಿ ಮಾಡಿದ್ದರು, ಊಟವನ್ನೂ ಕಮ್ಮಿ ಮಾಡಿದ್ದರು. ಸೊಸೆ ಕೇಳಿದ್ದೇ ತಡ, ಮುಖಕ್ಕೆ ಕಳೆ ಬಂತು. "ಮನೆದೇವ್ರು ಯಾವ್ದು ಅವ್ರದು?" ಎಂದು ಬುಡದಿಂದ ಕೆದಕಿದರು. ಆ ಕುಲದ ದೇವತೆಗೆ ತಲೆಯ ಮೇಲೆ ಜಿಂಕೆಯ ಕೊಂಬುಗಳಿದ್ದವು. ಸೌಜನ್ಯ "ಅಮ್ಮನೋರು ಮಾವ" ಎಂದು ತೇಲಿಸಿದಳು. ಯೋಚಿಸಿ ಯೋಚಿಸಿ ಮಾವ ತೀರ್ಪು ಕೊಟ್ಟರು: ಹೋದ ದನ ವಾಪಸ್ಸು ಬರಬೇಕು, ಜೊತೆಗೆ ದಂಡವೆಂದು ಆ ಕಡೆಯವರ ಹಾಲು ಕರೆಯುವ ಹಸುಗಳೂ ಬರಬೇಕು. ಹಾಗೇ ಮಾಡಿದಳು, ಗೆದ್ದಳು. "ನಿಮ್ಮ ಮಾತೇ ನಡೀತಂತೆ ಮಾವ" ಎಂದ ದಿನ ಅವರು ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಂಡರು.

ನಿನ್ನೆ ಅವಳೇ ಎಡವಟ್ಟು ಮಾಡಿಕೊಂಡಿದ್ದಳು. ಆಟದಲ್ಲಿ ಬಂದ ಸುದ್ದಿಗೆ ಮನಸ್ಸು ಕಲಕಿ, ದಂಡಕ್ಕೆ ಹಸು ಕೊಟ್ಟ ಆ ಕಡೆಯವರ ಮನೆಯಲ್ಲಿ ಹಾಲಿಲ್ಲದೆ ಒಂದು ಮಗು ಹೋಗಿಬಿಟ್ಟಿತು ಎಂದು ಊಟದ ಹೊತ್ತಿನಲ್ಲಿ ಬಾಯಿಬಿಟ್ಟಳು. ಮುನಿಶಾಮಪ್ಪ ಅರ್ಧಕ್ಕೇ ಕೈ ತೊಳೆದು ಎದ್ದಿದ್ದರು.

"ಈಗ ಹೋಗೋದ್ ಬೇಡ ಮಾವ. ನಾನೇ ಫೋನ್ ಮಾಡಿ ಹೇಳ್ತೀನಿ."

"ಫೋನಲ್ಲಿ ಮುಗಿಯೋ ಮಾತಲ್ಲಮ್ಮ ಇದು. ನಾನ್ ತಪ್ ಮಾಡಿದೀನಿ. ಒಂದ್ ಕಡೆ ಮಾತ್ ಕೇಳ್ಕೊಂಡು ದಂಡ ಹಾಕ್ಬಿಟ್ಟೆ. ಮುಂಚೆ ಎಲ್ಲಾದ್ರೂ ನ್ಯಾಯಕ್ಕೆ ಕರೆದ್ರೆ, ಆ ಕಡೆಯವ್ರ ಮನೆಗೂ ಹೋಗಿ, ಒಂದ್ ಲೋಟ ನೀರ್ ಕುಡ್ದು, ಅವ್ರ ಮಾತು ಕೇಳೋಗಂಟ ನಾನ್ ಬಾಯೇ ಬಿಡ್ತಿರ್ಲಿಲ್ಲ."

ಅಡುಗೆಮನೆಯಿಂದ ಅತ್ತೆ ಆದಿಲಕ್ಷ್ಮಮ್ಮ ಚಿತ್ರಾನ್ನದ ಡಬ್ಬಿ ತಂದು ಗಂಡನ ಕೈಗಿಟ್ಟರು. "ಹೋಗ್ಬರ್ಲಿ ಬಿಡಮ್ಮ" ಎಂದು ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿದರು. "ಆ ಅಂಗಿ ಆಚೆ ತೆಗ್ದು ಎಷ್ಟ್ ಕಾಲ ಆಗಿತ್ತೋ."

ಸೌಜನ್ಯ ಇಕ್ಕಟ್ಟಿಗೆ ಸಿಕ್ಕಿದಳು. ಸುಮ್ಮನಿದ್ದರೆ ಈ ಮನುಷ್ಯ ಕೈವಾರದ ಬಿಸಿಲಲ್ಲಿ ಇಲ್ಲದ ಮನೆ ಹುಡುಕುತ್ತಾ ಅಲೆಯುತ್ತಾರೆ. ಹೇಳಿದರೆ ಮತ್ತೆ ಜಗಲಿಯ ಮೂಲೆ ಹಿಡಿಯುತ್ತಾರೆ. ಹೇಳಿಯೇಬಿಟ್ಟಳು.

"ಮಾವ, ಬೈಬೇಡಿ. ಅದು ಆಟ. ಈ ಫೋನಲ್ಲಿರೋದು. ಆ ಮನೆ ಇಲ್ಲ, ದನಗಳೂ ಇಲ್ಲ."

ಮುನಿಶಾಮಪ್ಪ ಫೋನನ್ನೂ ಸೊಸೆಯನ್ನೂ ನೋಡಿದರು. "ಮಗು ಹೋಯ್ತು ಅಂದ್ಯಲ್ಲ?"

"ಅದೂ ಇಲ್ಲ ಮಾವ."

"ಸದ್ಯ" ಎಂದು ಉಸಿರು ಬಿಟ್ಟು ಕುರ್ಚಿಯಲ್ಲಿ ಕುಸಿದರು. ಆಮೇಲೆ ಮುಖ ಸಣ್ಣದಾಯಿತು. "ಹಂಗಾದ್ರೆ ಇಷ್ಟ್ ದಿನ ನನ್ ಮಾತು ಕೇಳಿದ್ದು ಯಾರಮ್ಮ?"

"ನಾನು ಮಾವ. ನೀವು ಹೇಳ್ದಂಗೇ ಮಾಡ್ದೆ. ಒಂದೂ ಬಿಟ್ಟಿಲ್ಲ."

ಅವರು ಹೆಗಲ ಟವೆಲ್ಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಸಿಟ್ಟೋ ನಾಚಿಕೆಯೋ ಅವಳಿಗೆ ತಿಳಿಯಲಿಲ್ಲ. ಕೊನೆಗೆ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು.

"ತೋರ್ಸು, ನೋಡಣ."

ಪರದೆಯ ಮೇಲೆ ಹಿಮ ಬೀಳುತ್ತಿತ್ತು. ಸೌಜನ್ಯಳ ಕುಲದ ಹೆಬ್ಬಾಗಿಲ ಹೊರಗೆ, ಆ ಕಡೆಯ ಕುಲದ ಮುದುಕನೊಬ್ಬ ಕೋಲೂರಿ ನಿಂತಿದ್ದ. ಕೆಳಗೆ ಮೂರು ದಾರಿ ಬರೆದಿತ್ತು: ಹೊಡೆದು ಓಡಿಸು, ಬಾಗಿಲು ಮುಚ್ಚು, ಹಸುಗಳನ್ನು ಹಿಂದಿರುಗಿಸು. ಸೌಜನ್ಯ ಓದಿ ಹೇಳಿದಳು. ಮುನಿಶಾಮಪ್ಪ ಫೋನನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು, ಮುದುಕನ ಮುಖದ ಮೇಲೆ ಮೆಲ್ಲಗೆ ಬೆರಳಿಟ್ಟರು.

"ಇವ್ನ ಮಾತು ಕೇಳ್ಬೇಕು ಅಂದ್ರೆ ಎಲ್ಲಿ ಒತ್ಬೇಕಮ್ಮ?"

"ಅದಕ್ಕೆ ಜಾಗ ಇಲ್ಲ ಮಾವ. ನಾವು ನಮ್ ಕಡೆ ಮಾತ್ರ ಆಡೋದು."

"ಆ ಕಡೆ ಯಾರು ಆಡ್ತಾವ್ರೆ?"

"ಯಾರೂ ಇಲ್ಲ. ಫೋನೇ ಆಡ್ಕೊಳತ್ತೆ."

"ಹಸು ಕೊಟ್ಬಿಡು."

"ಅಯ್ಯೋ ಮಾವ, ಈ ಚಳೀಲಿ ಹಸು ಕೊಟ್ರೆ ನಾವೇ ಸೋತೋಗ್ತೀವಿ!"

"ಕೊಡಮ್ಮ" ಎಂದರು ಮುನಿಶಾಮಪ್ಪ, ಮುದುಕನ ಮುಖದಿಂದ ಕಣ್ಣು ಕೀಳದೆ. "ನಿಂಗೆ ನ್ಯಾಯ ಕೇಳಕ್ಕೆ ನಾನಾದ್ರೂ ಇದ್ದೆ. ಇವ್ನಿಗೆ ಯಾರವ್ರೆ?"