ಐದಕ್ಕೆ ಆರು

"ಆರು ಹಾಕ್ಕೊಳ್ಳಿ," ಎಂದ ಬಸ್ ಡ್ರೈವರ್, ಆಸ್ಪತ್ರೆಯ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿಕೊಂಡೇ.

"ಐದರವರೆಗೆ ಮಾತ್ರ ಇದೆ ಸರ್," ಎಂದರು ಅಲ್ಲಿನ ಮನಶ್ಶಾಸ್ತ್ರಜ್ಞೆ. ಕೈಯಲ್ಲಿದ್ದ ಪ್ರಶ್ನಾವಳಿಯಿಂದ ಅವರು ಓದಿದ್ದು ಇಷ್ಟೇ: 'ಹೀಗೇ ಮಾಡು ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ.' ಪೂರ್ತಿ ಒಪ್ಪಿದರೆ ಐದು ಅಂಕ.

"ಐದಕ್ಕೇ ನಿಲ್ಲಿಸ್ಬೇಕು ಅಂತ ಯಾರು ಹೇಳಿದ್ದು?"

ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಹೆಂಡತಿಗೆ ನಗು ಬರಲಿಲ್ಲ. ಬಸ್ಸಿನ ಮೆಟ್ಟಿಲಿನಿಂದ ಜಾರಿ ಅವನ ತೊಡೆಯ ಮೂಳೆ ಮುರಿದಿತ್ತು. ರಾಡು ಹಾಕಿ, ಹೊಲಿಗೆಯನ್ನೂ ಬಿಚ್ಚಿದ್ದರು. ಈಗ ನಡೆಯದಿದ್ದರೆ ಕಾಲು ಹಾಗೇ ಸೆಟೆದುಕೊಳ್ಳುತ್ತದೆ ಎಂದು ಡಾಕ್ಟರು ಗದರಿದ್ದರು. ಗದರಿದ್ದೇ ತಪ್ಪಾಯಿತು, ಅವನು ವಾಕರನ್ನು ಮುಟ್ಟಿಯೂ ನೋಡಿರಲಿಲ್ಲ. ಅವಳು ಬೈದಿದ್ದಳು, ಗೋಗರೆದಿದ್ದಳು, ಅತ್ತೂ ಆಗಿತ್ತು.

ಅಂಕ ಕೂಡಿಸಿದ ಮೇಲೆ ಮನಶ್ಶಾಸ್ತ್ರಜ್ಞೆ ಅವಳನ್ನು ವರಾಂಡಕ್ಕೆ ಕರೆದರು. "ಇದು ಬೇಕಂತ ಮಾಡೋ ಹಟ ಅಲ್ಲಮ್ಮ, ಸ್ವಭಾವ. ತಮ್ಮ ಇಷ್ಟ ಕೈ ತಪ್ಪಿ ಹೋಗ್ತಿದೆ ಅನ್ನಿಸಿದ ಕೂಡಲೇ ಕೆಲವರು ತಿರುಗಿ ಬೀಳ್ತಾರೆ. ಅದು ಎಷ್ಟಿದೆ ಅಂತ ಅಳೆಯೋಕೆ ಈ ಪ್ರಶ್ನೆಗಳು."

"ಮದುವೆ ಆದಾಗಿಂದ ನಾನು ಅಳೀತಿರೋದು ಅದನ್ನೇ ತಾನೇ! ಈಗೇನು ಮಾಡ್ಲಿ?"

"ಏನೂ ಹೇಳೋಕೆ ಹೋಗ್ಬೇಡಿ. ಅವರನ್ನೇ ಕೇಳಿ."

"ನನ್ನ ಗಂಡನ ಹತ್ರ ಹೇಗೆ ಮಾತಾಡ್ಬೇಕು ಅಂತ ನೀವು ಹೇಳ್ಕೊಡ್ತೀರಾ?" ಎಂದುಬಿಟ್ಟಳು. ಮರುಕ್ಷಣ ಅವಳಿಗೇ ನಾಚಿಕೆಯಾಯಿತು.

ಮನಶ್ಶಾಸ್ತ್ರಜ್ಞೆ ನಕ್ಕರು. "ನಿಮ್ಮನ್ನೂ ಒಂದ್ಸಲ ಅಳೀಬೇಕು."

ಒಳಗೆ ಬಂದವಳು ನಾಲಿಗೆಯ ತುದಿಗೆ ಬಂದಿದ್ದ 'ಏಳಿ'ಯನ್ನು ನುಂಗಿಕೊಂಡು, "ಇವತ್ತು ಏನು ಮಾಡೋಣ ಅಂತೀರಿ?" ಎಂದಳು.

ಅವನು ತಿರುಗಿ ಅವಳ ಮುಖವನ್ನೇ ನೋಡಿದ. ಬೈಗುಳಕ್ಕಾಗಿ ಕಾದ. ಬರಲಿಲ್ಲ.

"ಆ ಕಿಟಕಿ ಕೆಳಗೆ ರಸ್ತೆ ಇದೆಯಾ?"

"ಇರ್ಬೇಕು. ಬಸ್ಸಿನ ಸದ್ದು ಕೇಳ್ಸುತ್ತೆ."

ಅವನು ವಾಕರ್ ಹಿಡಿದು ಎದ್ದ. ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಹಲ್ಲು ಕಚ್ಚಿ, ಹೆಜ್ಜೆ ಎಳೆದು, ಕಿಟಕಿ ಮುಟ್ಟಿದ. ಕೆಳಗೆ ಬಸ್ಸೊಂದು ತಿರುವಿನಲ್ಲಿ ಹೆಣಗುತ್ತಿತ್ತು. "ಇವನಿಗೆ ಗಾಡಿ ಕೊಟ್ಟೋರು ಯಾರು?" ಎಂದು ಗೊಣಗಿದ.

ಬಸ್ಸು ಹೋಯಿತು. ಅವನು ನಿಂತೇ ಇದ್ದ. ಕಾಲು ನಡುಗತೊಡಗಿತು, ಹಣೆಯಲ್ಲಿ ಬೆವರೊಡೆಯಿತು. ಅವಳು ತುಟಿ ಬಿಗಿಹಿಡಿದು, ಸ್ಟೂಲನ್ನು ಸದ್ದಿಲ್ಲದೆ ಅವನ ಹಿಂದಕ್ಕೆ ತಳ್ಳಿದಳು.

ಕೊನೆಗೆ ಅವನೇ ಕತ್ತು ತಿರುಗಿಸದೆ ಕೇಳಿದ: "ಸಾಕು, ಕೂತ್ಕೊಳ್ಳಿ ಅಂತ ಒಂದು ಮಾತು ಹೇಳ್ಬಾರ್ದೇನೇ?"